ಗಾಲಿಯ ಮೇಲಿನ ಮನೆ

ಬೇಸಿಗೆ ಬಂತೆಂದರೆ ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಕರಾವಳಿ ಸುತ್ತುವ ವಿಡಿಯೊಗಳು ಶುರು. ತಲಪಾಡಿಯಿಂದ ಕಾರವಾರದವರೆಗೆ ಹೆದ್ದಾರಿ 66. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ‘ನಿಸರ್ಗದ ಮಡಿಲು’ ಎನ್ನುತ್ತಾರೆ. ಹಾಸಿಗೆ, ಅಡುಗೆಮನೆ, ಕಕ್ಕಸು ಎಲ್ಲವನ್ನೂ ಎಳೆದುಕೊಂಡು ಹೋಗುವವರಿಗೆ ಊರಿನವರ ಹತ್ತಿರ ಒಂದು ಚೆಂಬು ನೀರು ಕೇಳುವ ಪ್ರಸಂಗವೂ ಬರುವುದಿಲ್ಲ. ಇದು ಪ್ರಯಾಣವೇ?

ನಮ್ಮ ಕಿರುಗಾವಲಿನ ಕಡೆ ಸುಗ್ಗಿ ಮುಗಿದ ಗದ್ದೆಗಳಲ್ಲಿ ಕುರಿಗಾಹಿಗಳು ಮಂದೆ ಹಾಕುತ್ತಾರೆ. ಅವರೂ ಬಯಲಲ್ಲೇ ಮಲಗುವವರು. ಆದರೆ ಗದ್ದೆಗೆ ಗೊಬ್ಬರ ಬೀಳುತ್ತದೆ, ಅವರಿಗೆ ದವಸವೋ ದುಡ್ಡೋ ಸಿಗುತ್ತದೆ. ಬೀಡುಬಿಡುವುದೆಂದರೆ ಕೊಡುಕೊಳ್ಳುವ ಸಂಬಂಧ.

ಹೊನ್ನಾವರದ ಕಾಸರಕೋಡನ್ನೇ ನೋಡಿ. ಅಲ್ಲಿನ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಬಂತು. ಅದೇ ಊರಿನ ಟೊಂಕದಲ್ಲಿ ಮೀನು ಒಣಗಿಸುವ ಹೆಂಗಸರು ಖಾಸಗಿ ಬಂದರಿನ ವಿರುದ್ಧ, ತಮ್ಮ ಮರಳಿಗಾಗಿ ಹೋರಾಡುತ್ತ ಬಂದಿದ್ದಾರೆ. ಪ್ರವಾಸಿ ಒಂದು ರಾತ್ರಿ ನಿಂತರೆ ಅದು ಪ್ರವಾಸೋದ್ಯಮ. ತಲೆಮಾರುಗಳಿಂದ ನಿಂತವರದು ಒತ್ತುವರಿ!

ಹೋಗಬೇಡಿ ಎನ್ನುತ್ತಿಲ್ಲ. ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆ ಖಾಲಿ ಕೈಗಳ ದಿನಗಳಲ್ಲೂ ಒಮ್ಮೆ ಹೋಗಿ. ಗಾಡಿಯಿಂದ ಇಳಿದು, ‘ಅಕ್ಕಾ, ಇಲ್ಲಿ ನಿಲ್ಲಬಹುದಾ?’ ಎಂದು ಕೇಳಿ. ಬೇಡ ಎಂದರೆ ಮುಂದೆ ನಡೆಯಿರಿ.