ಬೀಜದ ಒಡೆತನ ಯಾರದು?

2025ರ ಮೇ ತಿಂಗಳಲ್ಲಿ ಕೇಂದ್ರ ಕೃಷಿ ಸಚಿವರು ವಂಶವಾಹಿಯನ್ನು ತಿದ್ದಿ ರೂಪಿಸಿದ ಎರಡು ಭತ್ತದ ತಳಿಗಳನ್ನು ಪ್ರಕಟಿಸಿದರು. ಸಾಂಬಾ ಮಸೂರಿಯಿಂದ ಪಡೆದ ‘ಕಮಲಾ’ ಹೆಚ್ಚು ಇಳುವರಿ ನೀಡುವುದೆಂದೂ ಎಂ.ಟಿ.ಯು. 1010ರಿಂದ ಪಡೆದ ‘ಪೂಸಾ ಡಿ.ಎಸ್.ಟಿ. ರೈಸ್ 1’ ಬರವನ್ನೂ ಚೌಳು ಮಣ್ಣನ್ನೂ ತಾಳುವುದೆಂದೂ ಹೇಳಲಾಗಿದೆ. ಹರ್ಷಿಸುವವರಿದ್ದಾರೆ, ಶಂಕಿಸುವವರೂ ಇದ್ದಾರೆ. ತೀರ್ಪಿಗೆ ಮುನ್ನ ವಿಷಯವನ್ನು ಅರಿಯುವುದು ವಿವೇಕ.

ಸಸ್ಯಕೋಶದೊಳಗೆ ಅನ್ಯ ವಂಶವಾಹಿಯನ್ನು ಸೇರಿಸುವ ಕಾರ್ಯವನ್ನು ಪ್ರಕೃತಿಯಲ್ಲಿ ಅಗ್ರೋಬ್ಯಾಕ್ಟೀರಿಯಂ ಎಂಬ ಮಣ್ಣಿನ ಸೂಕ್ಷ್ಮಜೀವಿ ಮಾಡುತ್ತದೆ. ಆದರೆ ಭತ್ತ, ಗೋಧಿಗಳಂಥ ಏಕದಳ ಧಾನ್ಯಗಳು ಅದರ ಸಹಜ ಆಶ್ರಯಗಳಲ್ಲ. ಆದ್ದರಿಂದ 1980ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ, ಡಿ.ಎನ್.ಎ. ಲೇಪಿಸಿದ ಲೋಹಕಣಗಳನ್ನು ಕೋಶದೊಳಕ್ಕೆ ಸಿಡಿಸುವ ‘ಜೀನ್ ಗನ್’ ರೂಪುಗೊಂಡಿತು. 1994ರಲ್ಲಿ ಜಪಾನಿನ ವಿಜ್ಞಾನಿಗಳು ಆ ಸೂಕ್ಷ್ಮಜೀವಿಯ ಮಾರ್ಗವನ್ನೇ ಭತ್ತದಲ್ಲಿ ಸಮರ್ಥವಾಗಿ ಬಳಸಿ ತೋರಿಸಿದರು. ಉಳಿದ ತೊಡಕೆಂದರೆ, ಮಾರ್ಪಟ್ಟ ಕೋಶದಿಂದ ಇಡೀ ಸಸಿಯನ್ನು ಬೆಳೆಸುವುದು. ಅನೇಕ ತಳಿಗಳು ಪ್ರಯೋಗಾಲಯದಲ್ಲಿ ಇದಕ್ಕೆ ಮಣಿಯುತ್ತಿರಲಿಲ್ಲ. ಬೆಳವಣಿಗೆಯನ್ನು ನಿಯಂತ್ರಿಸುವ ವಂಶವಾಹಿಗಳ ನೆರವಿನಿಂದ 2016ರಲ್ಲಿ ಮುಸುಕಿನ ಜೋಳದಲ್ಲಿ, 2020ರಲ್ಲಿ ಗೋಧಿಯಲ್ಲಿ ಈ ತೊಡಕು ಬಹಳಷ್ಟು ಸಡಿಲಗೊಂಡಿತು. ವಂಶವಾಹಿಯನ್ನು ತಿದ್ದುವ ಸಾಧನವೂ ಸಾಮಾನ್ಯವಾಗಿ ಕೋಶವನ್ನು ಪ್ರವೇಶಿಸುವುದು ಇದೇ ಬಾಗಿಲುಗಳಿಂದ.

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರ್ಪಡಿಸಬೇಕು. ವಿಧಾನ ಸುರಕ್ಷಿತವೇ ಎಂಬುದು ಒಂದು. ಅದರ ಒಡೆಯರು ಯಾರು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಪರೀಕ್ಷೆಯೇ ಉತ್ತರ ನೀಡಬೇಕು. ಅನ್ಯ ವಂಶವಾಹಿ ಉಳಿಯದ ಇಂಥ ತಳಿಗಳಿಗೆ ಭಾರತ ಸರ್ಕಾರ 2022ರಲ್ಲಿ ಕುಲಾಂತರಿ ಬೆಳೆಗಳ ಕಠಿಣ ನಿಯಮಗಳಿಂದ ವಿನಾಯಿತಿ ನೀಡಿತು. ನಿಯಮ ಸಡಿಲವಾದಷ್ಟೂ ಕ್ಷೇತ್ರ ಪರೀಕ್ಷೆಗಳ ಫಲಿತಾಂಶವನ್ನು ಜನರ ಮುಂದಿಡುವ ಹೊಣೆ ಹೆಚ್ಚುತ್ತದೆ.

ಎರಡನೆಯದು ನ್ಯಾಯದ ಪ್ರಶ್ನೆ. ಬೀಜವನ್ನು ಉಳಿಸಿಕೊಳ್ಳುವ, ಮರಳಿ ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು 2001ರ ನಮ್ಮ ಕಾನೂನು ರೈತನಿಗೆ ನೀಡಿದೆ. ಆದರೆ ತಿದ್ದುವ ಸಾಧನಗಳ ಪ್ರಮುಖ ಪೇಟೆಂಟುಗಳು ವಿದೇಶಿ ಸಂಸ್ಥೆಗಳ, ಕಂಪನಿಗಳ ಕೈಯಲ್ಲಿವೆ. ಕುಲಾಂತರಿ ಧಾನ್ಯಗಳು ಹಾನಿಕರವೆಂಬುದಕ್ಕೆ ನಿರ್ಣಾಯಕ ಪುರಾವೆಯಿಲ್ಲವೆಂದು ಒಪ್ಪಿದ ಪೋಪ್ ಫ್ರಾನ್ಸಿಸ್‌ರವರು, 2015ರ ‘ಲೌದಾತೊ ಸಿ’ ಪರಿಪತ್ರದಲ್ಲಿ ಸಣ್ಣ ರೈತರು ಕಣ್ಮರೆಯಾಗಿ ಭೂಮಿ ಕೆಲವರ ಪಾಲಾಗುವುದನ್ನೇ ಎತ್ತಿ ತೋರಿಸಿದ್ದರು.

ಇದು ಅನಿವಾರ್ಯವಲ್ಲ. 2000ದಲ್ಲಿ ಲೋಕಕ್ಕೆ ಪರಿಚಯವಾದ ‘ಗೋಲ್ಡನ್ ರೈಸ್’ ಭತ್ತದ ತಂತ್ರಜ್ಞಾನವನ್ನು ಬಡದೇಶಗಳ ಸಣ್ಣ ರೈತರು ರಾಜಧನವಿಲ್ಲದೆ ಬಳಸಲು ಅದರ ನಿರ್ಮಾತೃಗಳು ಒಪ್ಪಂದ ಮಾಡಿಕೊಂಡರು. ಒಡೆತನವು ಪ್ರಕೃತಿಯ ನಿಯಮವಲ್ಲ, ಮನುಷ್ಯರ ಕಟ್ಟಳೆ. ಮನುಷ್ಯರು ಕಟ್ಟಿದ್ದನ್ನು ನ್ಯಾಯಕ್ಕೆ ಅನುಗುಣವಾಗಿ ತಿದ್ದಲೂಬಹುದು. ವಂಶವಾಹಿಯನ್ನೇ ತಿದ್ದಬಲ್ಲವರಿಗೆ ಒಪ್ಪಂದಪತ್ರವನ್ನು ತಿದ್ದುವುದು ಅಸಾಧ್ಯವೇ?