ಸಾಹೇಬರ ಗಾಡಿ, ಊರಿನ ಲೆಕ್ಕ

"ನಳ ಬಂದು ಎಂಟು ದಿನಾ ಆತು, ಸಾಹೇಬ್ರ ಗಾಡಿ ಮಾತ್ರ ದಿನಾ ಓಡಾಡತೈತಿ." ಬೇಸಿಗೆಯಲ್ಲಿ ನಮ್ಮ ಹಾವೇರಿ ಸೀಮೆಯ ಯಾವ ಊರಿನ ಚಹಾದಂಗಡಿಯಲ್ಲಿ ಕೂತರೂ ಇಂಥ ಮಾತು ಕಿವಿಗೆ ಬೀಳುತ್ತದೆ. ಸಿಟ್ಟು ನಳದ್ದು, ಕಣ್ಣಿಗೆ ಬೀಳುವುದು ಗಾಡಿ. ಆದರೂ ಆ ಮಾತನ್ನು ಹೊಟ್ಟೆಕಿಚ್ಚಿನ ಮಾತೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಗಾಡಿಯ ಡೀಸೆಲ್ಲಿನಲ್ಲಿ ಆ ಮಾತಾಡಿದವರು ಕಟ್ಟಿದ ಮನೆ ಕರವೂ ಇದೆ.

ಬಂಕಾಪುರವನ್ನೇ ತೆಗೆದುಕೊಳ್ಳಿ. ಆ ಊರಿನ ಆಡಳಿತದ ಮೇಲೆ ದೂರು ಹೇಳಲು ಈ ಹೆಸರು ಎತ್ತುತ್ತಿಲ್ಲ. ಶಿಗ್ಗಾವಿ ತಾಲ್ಲೂಕಿನ ಈ ಪುರಸಭೆ ಊರು ಇಂಥ ಲೆಕ್ಕಕ್ಕೆ ಸರಿಯಾದ ಅಳತೆ, ಅಷ್ಟೇ. ಇಷ್ಟು ಗಾತ್ರದ ಊರಿಗೆ ಸ್ವಂತ ಆದಾಯವೆಂದರೆ ಆಸ್ತಿ ತೆರಿಗೆ, ನೀರಿನ ಕರ, ಮಳಿಗೆಗಳ ಬಾಡಿಗೆ, ಲೈಸೆನ್ಸ್ ಫೀ. 2021ರಿಂದ 2026ರ ಅವಧಿಗೆ 15ನೇ ಹಣಕಾಸು ಆಯೋಗ ಸಣ್ಣ ಊರುಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರಿಗೆ ಮತ್ತು ನೈರ್ಮಲ್ಯಕ್ಕೇ ಮೀಸಲು. ಹಾಗಾಗಿ ಕಚೇರಿ ಕಾರಿನ ಖರ್ಚು ಬೀಳುವುದು ಬಹುಮಟ್ಟಿಗೆ ಊರವರ ಜೇಬಿನಿಂದ ಬಂದ ಹಣದ ಮೇಲೆ. ಬಾಡಿಗೆ ಕಾರಿಗೆ ತಿಂಗಳಿಗೆ 40 ಸಾವಿರ ಎಂದಿಟ್ಟುಕೊಳ್ಳಿ, ವರ್ಷಕ್ಕೆ 4 ಲಕ್ಷ 80 ಸಾವಿರ ಆಯಿತು. ಬೆಂಗಳೂರಿನಲ್ಲಿ ಇದು ಯಾರ ಗಮನಕ್ಕೂ ಬಾರದ ಮೊತ್ತ. ಸಣ್ಣ ಊರಿನಲ್ಲಿ ಅಷ್ಟರಲ್ಲಿ ಒಂದು ಗಲ್ಲಿಯ ಚರಂಡಿ ದುರಸ್ತಿಯಾಗುತ್ತದೆ.

ಮೇಲಿನವರು ಹಾಕಿಕೊಟ್ಟ ಮೇಲ್ಪಂಕ್ತಿಯೂ ಚೆನ್ನಾಗಿಲ್ಲ. 2023ರಲ್ಲಿ ರಾಜ್ಯ ಬರದಲ್ಲಿ ಬೇಯುತ್ತಿದ್ದಾಗ ಸಚಿವರಿಗಾಗಿ 33 ಹೊಸ ಇನ್ನೋವಾ ಕಾರುಗಳನ್ನು ಸುಮಾರು 9.9 ಕೋಟಿ ರೂಪಾಯಿಗೆ ಖರೀದಿಸಿದ್ದು ದೊಡ್ಡ ಸುದ್ದಿಯಾಯಿತು. ಕಾರು ಬೇಕಿತ್ತೋ ಇಲ್ಲವೋ, ಆ ಹೊತ್ತಿನಲ್ಲಿ ಬೇಕಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ರಾಜಧಾನಿಯಲ್ಲಿ ಹೀಗಾದ ಮೇಲೆ ಪುರಸಭೆಯ ಮುಖ್ಯಾಧಿಕಾರಿಗೆ ಮಿತವ್ಯಯ ಬೋಧಿಸುವ ಧೈರ್ಯ ಯಾರಿಗೆ ಬರಬೇಕು?

ಇನ್ನೊಂದು ಮಗ್ಗುಲನ್ನೂ ನೋಡಬೇಕು. ಬಂಕಾಪುರದಿಂದ ಹಾವೇರಿಗೆ ಸುಮಾರು 22 ಕಿಲೋಮೀಟರ್. ಜಿಲ್ಲಾಧಿಕಾರಿಗಳ ಸಭೆ, ಜಿಲ್ಲಾ ನಗರಾಭಿವೃದ್ಧಿ ಕೋಶದ ಸಭೆ ಎಂದು ಕರೆ ಬಂದಾಗಲೆಲ್ಲ ಅಧಿಕಾರಿ ಹೋಗಲೇಬೇಕು. ಹೈಕೋರ್ಟಿನಲ್ಲಿ ಕೇಸಿದ್ದರೆ ಧಾರವಾಡ. ಮೀಟರಿನಲ್ಲಿ ಏರಿದ ಕಿಲೋಮೀಟರುಗಳಲ್ಲಿ ಎಷ್ಟು ಅಧಿಕಾರಿಯ ಮರ್ಜಿಯವು, ಎಷ್ಟು ಮೇಲಿನವರ ಸಭೆಯವು ಎಂದು ಬಿಡಿಸಿ ನೋಡದೆ ದುಂದುವೆಚ್ಚ ಎಂದರೆ ಅನ್ಯಾಯ. ಬೆಳಗಿನ ಆರಕ್ಕೆ ಕಸದ ಗಾಡಿ ಹೊರಟಿತೇ ಎಂದು ನೋಡಬೇಕಾದ ಆರೋಗ್ಯ ನಿರೀಕ್ಷಕರು ಎಷ್ಟೋ ಊರುಗಳಲ್ಲಿ ಸ್ವಂತ ಬೈಕಿಗೆ ಸ್ವಂತ ದುಡ್ಡಿನ ಪೆಟ್ರೋಲ್ ಹಾಕಿಕೊಂಡು ತಿರುಗುತ್ತಾರೆ. ಅವರ ಹೆಸರು ಯಾವ ಚಹಾದಂಗಡಿಯ ಮಾತಿನಲ್ಲೂ ಬರುವುದಿಲ್ಲ. ಹಳೆಯ ಜೀಪನ್ನೇ ಓಡಿಸಿ ಎನ್ನುವಂತೆಯೂ ಇಲ್ಲ: 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ಮುಂದುವರಿಯುವುದಿಲ್ಲ, ಸ್ಥಳೀಯ ಸಂಸ್ಥೆಗಳ ವಾಹನಗಳೂ ಆ ನಿಯಮದೊಳಗೆ ಬಂದಿವೆ.

ನಿಜವಾದ ಪೋಲು ಎಷ್ಟೋ ಸಲ ಓಡುವ ಗಾಡಿಯಲ್ಲಿ ಇರುವುದಿಲ್ಲ, ನಿಂತ ಗಾಡಿಯಲ್ಲಿ ಇರುತ್ತದೆ. ಯಾವುದೋ ಯೋಜನೆಯ ಹಣ ವಾಪಸ್ ಹೋದೀತೆಂದು ಮಾರ್ಚ್ ತಿಂಗಳಲ್ಲಿ ಕೊಂಡ ಟಿಪ್ಪರ್. ಚಾಲಕನ ಹುದ್ದೆ ಮಂಜೂರಾಗಿಲ್ಲ, ಬ್ಯಾಟರಿ ಇಳಿದಿದೆ, ಟೈರು ನೆಲಕ್ಕೆ ಅಂಟಿದೆ, ಬಾನೆಟ್ಟಿನ ಸಂದಿಯಲ್ಲಿ ಹುಲ್ಲು. ಇದರ ಬಗ್ಗೆ ಯಾರೂ ಕೂಗಾಡುವುದಿಲ್ಲ, ಏಕೆಂದರೆ ಅದರಲ್ಲಿ ಯಾರೂ ಕೂತು ಸುತ್ತುತ್ತಿಲ್ಲ.

ಹಾಗಾದರೆ ಕೇಳುವವರು ಯಾರು? ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆಯವರು ಬಂದು ಆಕ್ಷೇಪಣೆ ಬರೆಯುತ್ತಾರೆ. ಅಷ್ಟರಲ್ಲಿ ಆ ಅಧಿಕಾರಿ ವರ್ಗವಾಗಿ ಬೇರೆ ಜಿಲ್ಲೆ ಸೇರಿರುತ್ತಾರೆ. ಉತ್ತರ ಬರೆಯುವ ಕೆಲಸ ಹೊಸಬರಿಗೆ, ಕಡತ ಹುಡುಕುವ ಕಷ್ಟ ಗುಮಾಸ್ತರಿಗೆ. ತಪ್ಪಿತಸ್ಥರಿಂದಲೇ ವಸೂಲಿ ಮಾಡಬೇಕೆಂಬ ವಾದಕ್ಕೆ ಬಲವಿದೆ. ಆದರೆ ಅದಕ್ಕೊಂದು ಎಚ್ಚರಿಕೆಯೂ ಉಂಟು. ಇಂಗ್ಲೆಂಡಿನಲ್ಲಿ ಕಾನೂನುಬಾಹಿರ ಖರ್ಚನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರ ಸ್ವಂತ ಆಸ್ತಿಯಿಂದಲೇ ತುಂಬಿಸಿಕೊಳ್ಳುವ ಅಧಿಕಾರ ಲೆಕ್ಕಪರಿಶೋಧಕರಿಗೆ ಬಹುಕಾಲ ಇತ್ತು. 2000ದ ಸ್ಥಳೀಯ ಸರ್ಕಾರ ಕಾಯ್ದೆ ಅದನ್ನು ತೆಗೆಯಿತು. ಮನೆ ಹೋದೀತೆಂಬ ಭಯ ಬಲವಾದರೆ ಪ್ರಾಮಾಣಿಕ ಅಧಿಕಾರಿಯೂ ಒಡೆದ ಪೈಪಿಗೆ ಸಹಿ ಹಾಕಲು ಹಿಂಜರಿಯುತ್ತಾನೆ.

ಮಾಹಿತಿ ಹಕ್ಕು ಇದೆ. 10 ರೂಪಾಯಿ ಕಟ್ಟಿದರೆ 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಲಾಗ್‌ಬುಕ್ಕಿನ ನಕಲು ಕೇಳಲು 20 ಪದ ಸಾಕು. ದಿನಾಂಕ, ಹೊರಟಾಗಿನ ರೀಡಿಂಗ್, ಬಂದಾಗಿನ ರೀಡಿಂಗ್, ಎಲ್ಲಿಂದ ಎಲ್ಲಿಗೆ, ಉದ್ದೇಶ, ಸಹಿ: ಆ ಪುಸ್ತಕದಲ್ಲಿ ಎಲ್ಲಕ್ಕೂ ಕಾಲಂ ಇದೆ. ಕೆಡುವುದು ಉದ್ದೇಶದ ಕಾಲಂನಲ್ಲಿ. "ಸ್ಥಳ ಪರಿಶೀಲನೆ" ಎಂಬ ಎರಡು ಶಬ್ದ ಮೇಲಿಂದ ಕೆಳಗಿನವರೆಗೆ, ಒಂದೇ ಕೈಬರಹ, ಒಂದೇ ಶಾಯಿ. ಯಾವ ಸ್ಥಳ, ಏನು ಕಂಡಿತು ಎಂಬುದಿಲ್ಲ. ಅರ್ಜಿ ಹಾಕಿ ಅಧಿಕಾರಿಗಳನ್ನು ಹೆದರಿಸುವವರೂ ಇದ್ದಾರೆ, ನಿಜ. ಆದರೆ ಕೇಳುವ ಮೊದಲೇ ತೋರಿಸಿಬಿಟ್ಟರೆ ಹೆದರಿಸಲು ಏನು ಉಳಿಯುತ್ತದೆ? ಮಾಹಿತಿಯನ್ನು ತಾವಾಗಿಯೇ ಪ್ರಕಟಿಸಬೇಕೆಂದು ಅದೇ ಕಾಯ್ದೆಯ 4ನೇ ಕಲಂ ಹೇಳುತ್ತದೆ.

ಹೀಗೆ ಎಲ್ಲರ ಕಣ್ಣಿಗೆ ಬೀಳುವಂತೆ ಬರೆದಿಡುವುದು ಬಂಕಾಪುರಕ್ಕೆ ಹೊಸದಲ್ಲ. 1055ರ ಅಲ್ಲಿನ ಶಾಸನವೊಂದು ಕದಂಬ ಹರಿಕೇಸರಿ, ಅವನ ರಾಣಿ ಮತ್ತು ಊರಿನ ನಗರಮಹಾಜನರು ಸೇರಿ ಪಾನುಂಗಲ್ಲು ನಾಡಿನಲ್ಲಿ, ಎಂದರೆ ಇಂದಿನ ಹಾನಗಲ್ಲ ಸೀಮೆಯಲ್ಲಿ, ಬಸದಿಗೆ ಭೂಮಿ ಬಿಟ್ಟದ್ದನ್ನು ದಾಖಲಿಸಿದೆ. ಕೊಟ್ಟವರು ಯಾರು, ಕೊಟ್ಟದ್ದು ಏನು ಎಂಬುದು ಕಲ್ಲಿನ ಮೇಲೆ ಉಳಿದಿದೆ.

ಈಗ ಕಲ್ಲು ಬೇಡ. ಪುರಸಭೆಯ ಸಾಮಾನ್ಯ ಸಭೆಯಲ್ಲಿ ಒಬ್ಬ ಸದಸ್ಯರು ಒಂದು ಠರಾವು ಮಂಡಿಸಿದರೆ ಸಾಕು: ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಪ್ರತಿ ಗಾಡಿಯ ಕಿಲೋಮೀಟರ್, ಡೀಸೆಲ್ ಲೀಟರ್, ಹೋದ ಜಾಗ, ಯಾರ ಆದೇಶದ ಮೇಲೆ ಎಂಬುದು, ಜೊತೆಗೆ ನಿಂತ ಗಾಡಿ ಎಷ್ಟು ದಿನದಿಂದ ನಿಂತಿದೆ ಎಂಬುದೂ ಕಚೇರಿಯ ಬಾಗಿಲ ಬಳಿಯ ನೋಟಿಸ್ ಬೋರ್ಡಿಗೆ ಬರಬೇಕು, ನೀರಿನ ಕರ ಕಟ್ಟಲು ಸರದಿಯಲ್ಲಿ ನಿಂತವರು ಓದುವಷ್ಟು ದೊಡ್ಡ ಅಕ್ಷರದಲ್ಲಿ.