ಗೆಜ್ಜೆಗೊಂದು ಪಡಸಾಲೆ

ಕಡೂರು ಸೀಮೆಯ ತಂಗಲಿ ತಾಂಡ್ಯವೆಂಬ ಲಂಬಾಣಿಗರ ನೆಲೆಯಲ್ಲಿ 1906ರಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬಳನ್ನು ಅವಳ ಎಂಟನೆಯ ವಯಸ್ಸಿನಲ್ಲಿ ಅಜ್ಜ-ಅಜ್ಜಿಯರು ಮೈಸೂರಿಗೆ ಕರೆತಂದು ಜಟ್ಟಿ ತಾಯಮ್ಮನವರ ಕೈಗೆ ಒಪ್ಪಿಸಿದರು. ತಾಯಮ್ಮನವರು ಆಸ್ಥಾನದ ನರ್ತಕಿ, ಜಟ್ಟಿಯ ಮಗಳು. ಗರಡಿಯ ಮನೆತನದಿಂದ ಬಂದು ಅಭಿನಯದಲ್ಲಿ ಸರಿಸಾಟಿಯಿಲ್ಲವೆನಿಸಿಕೊಂಡವರು. ಆ ಮನೆಯಲ್ಲಿ ಗುರುಕುಲದ ಕ್ರಮದಲ್ಲಿ ಬೆಳೆದ ತಾಂಡ್ಯದ ಹುಡುಗಿ ಹನ್ನೆರಡನೆಯ ವಯಸ್ಸಿಗೆ ರಂಗವೇರಿದಳು. ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ವಿದುಷಿಯಾಗಿ, 1992ರಲ್ಲಿ ಪದ್ಮಭೂಷಣ ಪುರಸ್ಕೃತರಾಗಿ ನಾಡೆಲ್ಲ ಹೆಸರಾದ ಕೆ. ವೆಂಕಟಲಕ್ಷ್ಮಮ್ಮನವರು ಇವರೇ. ರೋಣ, ಗಜೇಂದ್ರಗಡಗಳ ಸುತ್ತಲಿನ ತಾಂಡಾಗಳಲ್ಲಿ ಇಂದು ಎಷ್ಟು ಜನರು ಈ ಹೆಸರನ್ನು ಕೇಳಿದ್ದಾರು?

ನೃತ್ಯವೆಂದರೆ ಕಾಲು ಕುಣಿಸುವುದಷ್ಟೇ ಎಂದು ಬಗೆದವರು ಆಕೆಯ ವಿದ್ಯಾಭ್ಯಾಸದ ಕ್ರಮವನ್ನು ಅವಶ್ಯವಾಗಿ ಗಮನಿಸಬೇಕು. ದೇವೋತ್ತಮ ಜೋಯಿಸರು, ಶಾಂತಾಶಾಸ್ತ್ರಿಗಳು, ಗಿರಿಭಟ್ಟರು ಇವರಲ್ಲಿ ಸಂಸ್ಕೃತ, ಬಿ. ದೇವೇಂದ್ರಪ್ಪ ಮತ್ತು ಸಿ. ರಾಮರಾಯರಲ್ಲಿ ಕರ್ನಾಟಕ ಸಂಗೀತ. ಇವೆಲ್ಲದರ ಮೇಲೆ ತಾಯಮ್ಮನವರ ಅಭಿನಯ ಪಾಠ. ಮೈಸೂರಿನ ಸಂಪ್ರದಾಯದಲ್ಲಿ ಪದ, ಜಾವಳಿ, ಅಷ್ಟಪದಿಗಳನ್ನು ಕುಳಿತೇ ಅಭಿನಯಿಸುವ ಪದ್ಧತಿಯುಂಟು. ಒಂದೇ ಪಂಕ್ತಿಯನ್ನು ಗಾಯಕಿ ಮತ್ತೆ ಮತ್ತೆ ಹಾಡುತ್ತಿದ್ದಂತೆ, ಅದರಲ್ಲಿ ಅಡಗಿದ ಅರ್ಥಚ್ಛಾಯೆಗಳನ್ನು ಕಣ್ಣು, ಹುಬ್ಬು, ಕೈಬೆರಳುಗಳಿಂದಲೇ ಒಂದೊಂದಾಗಿ ಬಿಡಿಸಿ ತೋರಿಸಬೇಕು. ಶ್ಲೋಕದ ಅನ್ವಯ ತಿಳಿಯದವಳಿಗೆ ಇದು ಸಾಧ್ಯವಿಲ್ಲ. ತರಗತಿಯಲ್ಲಿ ಷಟ್ಪದಿಗೆ ಪ್ರತಿಪದಾರ್ಥ ಬರೆಯಿಸಿ ಕೈ ತೊಳೆದುಕೊಳ್ಳುವ ಭಾಷಾ ಪಂಡಿತವರ್ಗವು ಈ ವ್ಯಾಖ್ಯಾನ ಕ್ರಮದ ಎದುರು ಕೊಂಚ ತಲೆತಗ್ಗಿಸಿದರೂ ತಪ್ಪಿಲ್ಲ.

ಅರಮನೆಯ ಸೇವೆ ಮುಗಿದ ಮೇಲೆ ಆಕೆ ಗೆಜ್ಜೆ ಬಿಚ್ಚಿಡಲಿಲ್ಲ. ‘ಭಾರತೀಯ ನೃತ್ಯ ನಿಕೇತನ’ವೆಂಬ ಸ್ವಂತ ಶಾಲೆಯನ್ನು ತೆರೆದರು. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯವಿಭಾಗ ಆರಂಭವಾದಾಗ ಅದರ ಮೊದಲ ರೀಡರ್ ಆಗಿ, 1974ರಲ್ಲಿ ನಿವೃತ್ತರಾದರು. ಆಕೆ ತೀರಿಕೊಂಡದ್ದು 2002ರಲ್ಲಿ. ದೊರೆಯ ಆಶ್ರಯ ಕಳೆದರೆ ವಿದ್ಯೆಯೂ ಕಳೆದುಹೋಗುತ್ತದೆಂಬ ಮಾತು ಅನೇಕರ ಪಾಲಿಗೆ ನಿಜವಾದ ಆ ದಿನಗಳಲ್ಲಿ, ಪಾಠ ಹೇಳುವ ಒಂದು ಮನೆಯೇ ಅರಮನೆಯ ಸ್ಥಾನವನ್ನು ತುಂಬಿತು.

ಇಂಥ ಮನೆಗಳನ್ನು ತೆರೆದವರು ನಾಡಿನಲ್ಲಿ ಇನ್ನೂ ಇದ್ದಾರೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಬೋಧಿಸುತ್ತಿದ್ದ ಯು. ಎಸ್. ಕೃಷ್ಣರಾಯರು ಪತ್ನಿ ಚಂದ್ರಭಾಗಾ ದೇವಿಯವರೊಡನೆ ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಕಲಿತು, 1942ರಲ್ಲಿ ‘ಮಹಾಮಾಯಾ’ ಸಂಸ್ಥೆಯನ್ನು ಕಟ್ಟಿದರು. ಹಗಲು ಪ್ರಯೋಗಶಾಲೆಯ ಗಾಜಿನ ನಳಿಗೆ, ಸಂಜೆ ತಟ್ಟುಕೋಲು! ಗಂಡಸಿಗೂ ಗೃಹಸ್ಥನಿಗೂ ನೃತ್ಯ ಸಲ್ಲದೆಂಬ ಮಾತಿಗೆ ಆ ದಂಪತಿಗಳ ಬಾಳೇ ಉತ್ತರವಾಯಿತು. ಮಲ್ಲೇಶ್ವರದಲ್ಲಿ ಬೆಳೆದ ಮಾಯಾ ರಾವ್ ಅವರು ಬಾಲ್ಯದಲ್ಲಿ ಉದಯಶಂಕರರ ತಂಡದ ಪ್ರದರ್ಶನ ಕಂಡು ಮನಸೋತು, ಶಂಭು ಮಹಾರಾಜರಲ್ಲಿ ಕಥಕ್ ಕಲಿತು, ಸೋವಿಯತ್ ದೇಶದಲ್ಲಿ ನೃತ್ಯ ಸಂಯೋಜನೆ ಅಭ್ಯಸಿಸಿ, 1964ರಲ್ಲಿ ದೆಹಲಿಯಲ್ಲಿ ಸಂಸ್ಥೆ ತೆರೆದರು; 1987ರಲ್ಲಿ ಅದನ್ನು ಬೆಂಗಳೂರಿಗೆ ತಂದರು. ಹೆಸರುಗಳನ್ನು ಹೀಗೆ ಎಣಿಸುತ್ತ ಹೋದರೆ ಎಲ್ಲವೂ ಮೈಸೂರು, ಬೆಂಗಳೂರುಗಳಲ್ಲಿಯೇ ನಿಲ್ಲುತ್ತವೆಂಬುದು ಈ ಕಡೆಯ ಓದುಗನನ್ನು ಚುಚ್ಚದೆ ಇರದು.

ಏಕೆಂದರೆ ಕುಣಿತದ ಕಲ್ಲುಗಳೆಲ್ಲ ಇರುವುದು ಈ ಕಡೆಗೇ. ರೋಣ ತಾಲೂಕಿನ ಗಡಿ ದಾಟಿದರೆ ಬಾದಾಮಿ. ಅಲ್ಲಿಯ ಮೊದಲ ಗುಹೆಯ ಬದಿಯಲ್ಲಿ ಹದಿನೆಂಟು ತೋಳುಗಳ ನಟರಾಜನು ಆರನೆಯ ಶತಮಾನದಿಂದ ನಿಂತಿದ್ದಾನೆ. ಪಟ್ಟದಕಲ್ಲಿನ ಶಾಸನವೊಂದು ಭರತನ ಶಾಸ್ತ್ರವನ್ನು ಬಲ್ಲ ಅಚಲನೆಂಬ ನಟನನ್ನು ಕೊಂಡಾಡುತ್ತದೆ. ಗಜೇಂದ್ರಗಡದ ಸಮೀಪದ ಸೂಡಿ, ಹನ್ನೊಂದನೆಯ ಶತಮಾನದಲ್ಲಿ ಕಿಸುಕಾಡು ಎಪ್ಪತ್ತನ್ನು ಆಳಿದ ಅಕ್ಕಾದೇವಿಯ ನೆಲೆ. ಆ ಕಾಲದ ದೇಗುಲಗಳ ದತ್ತಿಶಾಸನಗಳಲ್ಲಿ ಪೂಜಾರಿಗೆ, ಮಾಲೆಗಾರನಿಗೆ ಭೂಮಿ ಬಿಟ್ಟಂತೆಯೇ ಪಾತ್ರದವರಿಗೂ ಮದ್ದಳೆಯವರಿಗೂ ಮತ್ತರುಗಟ್ಟಲೆ ಬಿಟ್ಟದ್ದು ಕಾಣುತ್ತದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ನೃತ್ಯಕ್ಕೆಂದು ಒಂದು ಪ್ರಕರಣವನ್ನೇ ಮೀಸಲಿಟ್ಟನು. ಇಷ್ಟಿದ್ದೂ, ಮಗಳಿಗೆ ಭರತನಾಟ್ಯ ಕಲಿಸಬೇಕೆಂದರೆ ಗದುಗಿಗೋ ಹುಬ್ಬಳ್ಳಿ-ಧಾರವಾಡಕ್ಕೋ ಬಸ್ಸು ಹತ್ತಬೇಕೆಂಬುದೇ ನರಗುಂದ, ರೋಣಗಳ ಬಹುಪಾಲು ಪಾಲಕರ ತಿಳಿವಳಿಕೆ.

ಹೀಗಾದುದಕ್ಕೆ ಕಾರಣವನ್ನು ಮುಚ್ಚಿಟ್ಟು ಫಲವಿಲ್ಲ. ದೇವರ ಹೆಸರಿನಲ್ಲಿ ಬಿಟ್ಟ ಹೆಣ್ಣುಮಕ್ಕಳ ಬಾಳು ಕಾಲಕ್ರಮದಲ್ಲಿ ಏನಾಯಿತೆಂಬುದನ್ನು ಈ ಭಾಗದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡ ಜಿಲ್ಲೆಗೆ 1934ರ ಕಾನೂನು ಬಂತು. 1982ರಲ್ಲಿ ಕರ್ನಾಟಕ ಸರಕಾರದ ನಿಷೇಧ ಕಾನೂನು ಬಂತು. ಎರಡೂ ಬರಬೇಕಾದವೇ, ಇನ್ನೂ ಮೊದಲೇ ಬಂದಿದ್ದರೆ ಎಷ್ಟೋ ಕಣ್ಣೀರು ಉಳಿಯುತ್ತಿತ್ತು. ಆದರೆ ಕಟ್ಟಳೆಯನ್ನು ಹೂಳುವಾಗ ಕಲೆಯನ್ನೂ ಅದರ ಜೊತೆಗೆ ಹೂಳಿದ್ದು ಸಮಾಜದ ಕೆಲಸ, ಕಾನೂನಿನದಲ್ಲ. ‘ಕುಣಿಯುವವಳು’ ಎಂಬ ಮಾತು ಬೈಗುಳವಾಗಿ ಉಳಿಯಿತು. ಮೈಸೂರು, ಮದರಾಸುಗಳಲ್ಲಿ ವಿದ್ಯಾವಂತ ಮನೆತನಗಳು ಆ ಕಲೆಯನ್ನು ಎತ್ತಿಕೊಂಡವು. ಅವು ಅದನ್ನು ಕೊಟ್ಟವರ ಹೆಸರನ್ನು ಎಷ್ಟು ನೆನೆದವೆಂಬುದು ಬೇರೆಯ ಪ್ರಶ್ನೆ; ಎತ್ತಿಕೊಂಡದ್ದಂತೂ ನಿಜ. ಇಲ್ಲಿ ಎತ್ತಿಕೊಳ್ಳುವವರು ಬಹಳ ಕಡಿಮೆಯಾದರು.

ಸಂಗೀತಕ್ಕೆ ಈ ಗತಿ ಬರಲಿಲ್ಲವೆಂಬುದನ್ನು ನೋಡಿದರೆ ದೋಷವು ಮಣ್ಣಿನದಲ್ಲವೆಂಬುದು ಸ್ಪಷ್ಟವಾಗುತ್ತದೆ. 1922ರಲ್ಲಿ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಹನ್ನೊಂದರ ಹರೆಯದಲ್ಲಿ ಗುರುವನ್ನು ಹುಡುಕುತ್ತ ಮನೆ ಬಿಟ್ಟರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ಬಳಿಕ, 2010ರವರೆಗೆ, ಪುಟ್ಟರಾಜ ಗವಾಯಿಗಳೂ ಅಂಧರಿಗೆ, ಬಡವರ ಮಕ್ಕಳಿಗೆ ಅನ್ನವಿಕ್ಕಿ ಸ್ವರ ಕಲಿಸಿದರು. ಜೋಳಿಗೆ ಹಿಡಿದು ತಂದ ಕಾಳಿನಿಂದ ಗವಾಯಿಗಳು ತಯಾರಾದರು. ತಬಲ, ಹಾರ್ಮೋನಿಯಂಗಳನ್ನು ತಮ್ಮವೆಂದು ಅಪ್ಪಿಕೊಂಡ ಮಠದ ಅಂಗಳವು ಗೆಜ್ಜೆಯ ಸದ್ದಿಗೆ ಏಕೆ ಹಿಂಜರಿಯಿತು? ಚಾಮರಸನ ಕಾವ್ಯದಲ್ಲಿ ಅಲ್ಲಮಪ್ರಭುವೇ ಬನವಾಸಿಯ ಮಧುಕೇಶ್ವರನ ಗುಡಿಯಲ್ಲಿ ಮದ್ದಳೆ ನುಡಿಸಿದನು. ಮಾಯೆಯು ಆ ಮದ್ದಳೆಗೆ ಕುಣಿದಳು. ಮಾಯೆ ಸೋತಳೆಂಬುದನ್ನು ಪುರಾಣ ಹೇಳುವವರು ಒತ್ತಿ ಹೇಳುವರು. ಪ್ರಭುವಿನ ಕೈ ತಾಳ ತಪ್ಪಲಿಲ್ಲವೆಂಬುದೂ ಅಲ್ಲಿಯೇ ಇದೆ.

ಶಾಲೆಗಳಲ್ಲಿ ನೃತ್ಯವೇ ಇಲ್ಲವೆನ್ನುವಂತಿಲ್ಲ. ವರ್ಷಕ್ಕೊಮ್ಮೆ ಸ್ನೇಹ ಸಮ್ಮೇಳನ, ಜನರ ಮಾತಿನಲ್ಲಿ ‘ಗ್ಯಾದರಿಂಗ್’, ಬರುತ್ತದೆ. ಹದಿನೈದು ದಿನ ತಾಲೀಮು, ಸಿನೆಮಾ ಹಾಡು, ಬಾಡಿಗೆಯ ಜರತಾರಿ, ನಾಲ್ಕು ನಿಮಿಷದ ಚಪ್ಪಾಳೆ. ಮರುದಿನ ಬೆಳಿಗ್ಗೆ ಆ ಹುಡುಗಿಯು ಗಣಿತದ ತಾಸಿಗೆ ಹೋಗುತ್ತಾಳೆ. ಅವಳ ಮೈಯಲ್ಲಿ ಲಯವಿದೆಯೆಂದು ಇಡೀ ಊರು ಆ ರಾತ್ರಿ ಕಂಡಿರುತ್ತದೆ. ಮುಂದಿನ ಸಮ್ಮೇಳನದವರೆಗೆ ಯಾರೂ ಆ ಮಾತೆತ್ತುವುದಿಲ್ಲ. ಎಂಟನೆಯ, ಒಂಬತ್ತನೆಯ ಇಯತ್ತೆಗೆ ಬಂದಳೆಂದರೆ ಆ ನಾಲ್ಕು ನಿಮಿಷವೂ ತಪ್ಪುತ್ತದೆ. ‘ದೊಡ್ಡವಳಾದಳು, ಇನ್ನು ಸಾಕು’ ಎಂದು ಮನೆಯವರೇ ಹೇಳಿಬಿಡುತ್ತಾರೆ. ಹೋಳಿ, ದೀಪಾವಳಿಗಳಲ್ಲಿ ಕನ್ನಡಿ ಹೊಲಿದ ಲಂಗ ತೊಟ್ಟು ವರ್ತುಲವಾಗಿ ಕುಣಿಯುವ ತಾಂಡಾದ ಮಕ್ಕಳನ್ನು ಮಂತ್ರಿಗಳು ಬಂದ ದಿನ ಮೆರವಣಿಗೆಗೆ ಕರೆದು, ಸಂಜೆಗೆ ಕಳುಹಿಸುವುದಷ್ಟೇ ರೂಢಿಯಾಗಿದೆ.

ಈ ಸೀಮೆಗೆ ದೊಡ್ಡಾಟ, ಪುರವಂತಿಕೆ, ಕರಡಿ ಮಜಲುಗಳೇ ಸಾಕು, ದಕ್ಷಿಣದ ಭರತನಾಟ್ಯ ಏತಕ್ಕೆಂದು ಆಕ್ಷೇಪಿಸುವವರಿದ್ದಾರೆ. ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಆ ಮೂರರಲ್ಲಿಯೂ ಹೆಣ್ಣುಮಕ್ಕಳಿಗೆ ದೊರೆಯುತ್ತ ಬಂದ ಸ್ಥಾನ ಎಷ್ಟೆಂದು ಆಕ್ಷೇಪಿಸುವವರೇ ಹೇಳಲಿ. ಅಲ್ಲದೆ ಕಲಿಸುವ ಶಾಲೆಯೊಂದಿದ್ದರೆ ದೊಡ್ಡಾಟದ ಹೆಜ್ಜೆಯನ್ನೂ ಲಂಬಾಣಿ ಕುಣಿತವನ್ನೂ ಅಲ್ಲಿಯೇ ಕಲಿಸಬಹುದು. ಅಡವು ಕಲಿತ ಕಾಲಿಗೆ ಅವು ಪರಕೀಯವಾಗುವುದಿಲ್ಲ.

ನೃತ್ಯಶಾಲೆಗೆ ಬೇಕಾದುದು ಬಹಳವಲ್ಲ. ಈ ಕಡೆಯ ಹಳೆಯ ಮಾಳಿಗೆ ಮನೆಯ ಪಡಸಾಲೆಯಷ್ಟು ಉದ್ದಗಲದ ಜಾಗ, ಕಂಬಗಳು ನಡುವೆ ಅಡ್ಡ ಬಾರದಿದ್ದರೆ ಸಾಕು. ನೆಲದ ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು. ಅರೆಮಂಡಿಯಲ್ಲಿ ಕುಳಿತು ತಟ್ಟಡವನ್ನು ಮೂರು ಕಾಲಗಳಲ್ಲಿ ದಿನವೂ ತಟ್ಟುವ ಎಳೆಯ ಕಾಲಿಗೆ ಹಾಸುಗಲ್ಲು, ಸಿಮೆಂಟುಗಳು ಒಳ್ಳೆಯವಲ್ಲ. ಹಿಮ್ಮಡಿ, ಮೊಣಕಾಲುಗಳು ಕೆಲವೇ ವರ್ಷಗಳಲ್ಲಿ ದೂರತೊಡಗುತ್ತವೆ. ಹಲಗೆಯ ನೆಲವಾಗಲಿ, ಚೆನ್ನಾಗಿ ಬಡಿದು ಸಾರಿಸಿದ ಮಣ್ಣಿನ ನೆಲವಾಗಲಿ ಬೇಕು. ಬಳಿಕ ತಟ್ಟುಕೋಲು ಹಿಡಿದು ಸೊಲ್ಲುಕಟ್ಟು ಹೇಳಬಲ್ಲ ಗುರು. ಧ್ವನಿಮುದ್ರಿಕೆಯನ್ನು ಹಚ್ಚಿ ಪಾಠ ಮಾಡಬಹುದೆಂಬುದು ನಿಜ. ಆದರೆ ಯಂತ್ರವು ತಪ್ಪಿದ ಹೆಜ್ಜೆಗಾಗಿ ನಿಂತು ಕಾಯುವುದಿಲ್ಲ. ಜೂನಿಯರ್, ಸೀನಿಯರ್, ವಿದ್ವತ್ತು ಎಂಬ ಪರೀಕ್ಷೆಗಳ ಮೆಟ್ಟಿಲು ನಾಡಿನಲ್ಲಿ ಆಗಲೇ ಇದೆ. ಸಂಬಳವನ್ನು ತಿಂಗಳಿಗೆ ಕೊಡಲಾಗದ ಒಕ್ಕಲಿನ ಮನೆಗಳಿಂದ ಸುಗ್ಗಿಯಲ್ಲಿ ಒಮ್ಮೆಗೇ ಪಡೆಯುವ ಏರ್ಪಾಡು ಮಾಡಿದರೆ ಕಡಲೆ, ಜೋಳ ಬೆಳೆಯುವವರ ಮಕ್ಕಳೂ ಬಂದಾರು.

ದಾನಿಗಳಿಗೆ ಒಂದು ವಿಜ್ಞಾಪನೆ. ಮಹಾದ್ವಾರ, ಕೊಠಡಿಗಳಿಗೆ ದುಡ್ಡು ಬರುತ್ತದೆ. ಅವುಗಳ ಮೇಲೆ ಹೆಸರಿನ ಕಲ್ಲು ಕೂಡಿಸಬಹುದು. ಮೃದಂಗ ನುಡಿಸುವವನ ಪಗಾರದ ಮೇಲೆ ಕಲ್ಲು ಕೂಡಿಸಲು ಬರುವುದಿಲ್ಲವಾದ್ದರಿಂದ ಅದಕ್ಕೆ ಯಾರೂ ಮುಂದೆ ಬರುವುದಿಲ್ಲ. ಒಬ್ಬ ಗುರು, ಒಬ್ಬ ಪಕ್ಕವಾದ್ಯದವನು ಇವರಿಬ್ಬರ ಐದು ವರ್ಷದ ಜೀವನಕ್ಕೆ ಠೇವಣಿಯೊಂದನ್ನು ಇರಿಸಿದರೆ, ಬೆಂಗಳೂರು, ಮೈಸೂರುಗಳಲ್ಲಿ ಕಲಿತು ಊರಿಗೆ ಮರಳಲು ಮನಸ್ಸಿದ್ದೂ ದಾರಿಯಿಲ್ಲದ ಯಾರಾದರೂ ಧೈರ್ಯಮಾಡಿ ಬರುವರು. ಕಟ್ಟಡದ ಚಿಂತೆ ಸದ್ಯಕ್ಕೆ ಬೇಡ. ಸಂಜೆ ಐದಕ್ಕೆ ಗಂಟೆ ಹೊಡೆದ ಮೇಲೆ ಈ ಮೂರು ತಾಲೂಕುಗಳ ಎಷ್ಟೋ ಶಾಲೆಗಳ ಸಭಾಭವನಗಳಿಗೆ ಬೀಗ ಬೀಳುತ್ತದೆ. ಹಲಗೆ ಹಾಸಿದ ವೇದಿಕೆ ಇರುವುದು ಆ ಭವನಗಳಲ್ಲಿಯೇ. ಬೀಗದ ಕೈ ಆಡಳಿತ ಮಂಡಳಿಯವರ ಬಳಿ ಇದೆ.